ಡಾಕ್ಟರ್ ಮೇಡಂ ಜತೆ ಪ್ರಶ್ನೋತ್ತರ: ಲಸಿಕೆ, ಜ್ವರ, ದವಾಖಾನೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಗುಂಪಿನಲ್ಲೇ ಇರುವ ಧಾರವಾಡದ ಡಾಕ್ಟರ್ ಮೇಡಂ ಇವತ್ತು ಸಂಜೆ ಕೊರೊನಾ, ಲಸಿಕೆ ಬಗ್ಗೆ ಉತ್ತರ ಬರೆಯುತ್ತಾರೆ. ವಯಸ್ಸು, ಶುಗರ್ ಬಿ.ಪಿ. ಇದೆಯೋ ಇಲ್ಲವೋ ಬರೆಯಿರಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ. (ಜೂನ್ 2021ರ ಮಾತುಕತೆ; ಲಸಿಕೆಯ ಅಂತರ, ನಿಯಮಗಳು ಆಗಿನವು.)

ಸವಿತಾ, ನವನಗರ: ಮೇಡಂ, ನಮ್ಮ ಅತ್ತೆಯವರಿಗೆ 67 ವರ್ಷ. ಮಾರ್ಚ್ 20ಕ್ಕೆ ಕೋವಿಶೀಲ್ಡ್ ಮೊದಲ ಡೋಸ್ ಆಯಿತು. ಮೊದಲು 28 ದಿನ ಅಂದರು, ಆಮೇಲೆ 6ರಿಂದ 8 ವಾರ ಅಂದರು, ಈಗ ಇನ್ನೂ ಮುಂದೆ ಹೋಗಿದೆ. ತಡವಾದರೆ ಮೊದಲನೇದು ವ್ಯರ್ಥ ಆಗುತ್ತದಾ?

ಡಾಕ್ಟರ್: ವ್ಯರ್ಥ ಆಗುವುದಿಲ್ಲ, ಸವಿತಾ. ಮೇ 13ರಿಂದ ಕೋವಿಶೀಲ್ಡ್‌ಗೆ 12ರಿಂದ 16 ವಾರದ ಅಂತರ ಮಾಡಿದ್ದಾರೆ. ಅಂದರೆ 84 ದಿನ ತುಂಬಬೇಕು. ಅತ್ತೆಯವರಿಗೆ ಜೂನ್ 12ಕ್ಕೆ ತುಂಬುತ್ತದೆ. ಕೋವ್ಯಾಕ್ಸಿನ್‌ಗೆ ಈ ಲೆಕ್ಕ ಇಲ್ಲ, ಅದು 4ರಿಂದ 6 ವಾರ. ಎರಡನೇದೂ ಅದೇ ಕಂಪನಿಯದ್ದೇ ಆಗಬೇಕು.

ರಮೇಶ, ಹಳೇ ಹುಬ್ಬಳ್ಳಿ: ನನಗೆ ಏಪ್ರಿಲ್‌ನಲ್ಲಿ ಕೊರೊನಾ ಬಂದು ಹೋಗಿದೆ. ಲಸಿಕೆ ಯಾವಾಗ?

ಡಾಕ್ಟರ್: ಗುಣವಾಗಿ ಮೂರು ತಿಂಗಳ ಮೇಲೆ.

ಶಾಂತಾ, ಗದಗ: ಮಗಳಿಗೆ ನಾಲ್ಕು ತಿಂಗಳ ಕೂಸು ಇದೆ, ಹಾಲು ಕುಡಿಸುತ್ತಾಳೆ. ಸೂಜಿ ಮಾಡಿಸಬಹುದಾ?

ಡಾಕ್ಟರ್: ಮಾಡಿಸಿರಿ. ಹಾಲು ಒಂದು ದಿನವೂ ಬಿಡಿಸಬೇಡಿ.

ಈರಣ್ಣ, ಲಕ್ಷ್ಮೇಶ್ವರ: ಕೋವಿಶೀಲ್ಡ್ ಎರಡನೇ ಡೋಸ್ ಎಷ್ಟು ದಿನಕ್ಕೆ ಮೇಡಂ?

ಡಾಕ್ಟರ್: 84 ದಿನ.

ಮಂಜುನಾಥ, ಬ್ಯಾಡಗಿ: ಮೇಡಂ ನಮಸ್ಕಾರ. ನಮ್ಮ ಅಪ್ಪಾಜಿಗೆ 59. ಶುಗರ್ ಇದೆ. ಲಸಿಕೆ ಹಾಕಿಸಿದ ಮೂರನೇ ದಿನಕ್ಕೆ ಜ್ವರ ಬಂತು. ಸೂಜಿಯ ಜ್ವರ ಇರಬೇಕು ಅಂತ ಸುಮ್ಮನಿದ್ದೆವು. ಇವತ್ತಿಗೆ ಎಂಟು ದಿನ. ಊರಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಟೈಫಾಯಿಡ್ ಅಂದರು, ದಿನಾ ಸೂಜಿ ಮತ್ತು ಗುಳಿಗೆ ನಡೆದಿದೆ. ಕೆಮ್ಮು ಇದೆ, ಆದರೆ ಅದು ಗೋಡೌನಿನಲ್ಲಿ ಮೆಣಸಿನಕಾಯಿ ಚೀಲ ಸರಿಸಿದ್ದಕ್ಕೆ ಘಾಟು ಹತ್ತಿದ್ದು ಅನ್ನುತ್ತಾರೆ. ಆಕ್ಸಿಜನ್ ನೋಡಲು ಬೆರಳಿಗೆ ಹಾಕುವ ಮಷೀನ್ 91 ತೋರಿಸುತ್ತದೆ. ಮಷೀನ್ ಕೆಟ್ಟಿರಬಹುದಾ? ಅಪ್ಪಾಜಿ ಆರಾಮಾಗಿ ಕೂತು ರೊಟ್ಟಿ ಊಟ ಮಾಡಿದರು.

ಪ್ರಕಾಶ, ವಿದ್ಯಾನಗರ: ಆರು ನಿಮಿಷ ನಡೆಸಿ ಮತ್ತೆ ನೋಡ್ರಿ, ಗೊತ್ತಾಗುತ್ತದೆ.

ಡಾಕ್ಟರ್: ಬೇಡ! ಪ್ರಕಾಶ್, ನಡೆಸಿ ನೋಡುವುದು 94ರ ಮೇಲೆ ಇರುವವರಿಗೆ. 91 ಇರುವವರನ್ನು ಬಚ್ಚಲಿಗೂ ನಡೆಸಬಾರದು.

ಮಂಜುನಾಥ್, ಉಳಿದವರನ್ನು ಬಿಟ್ಟು ಮೊದಲು ನಿಮಗೆ ಬರೆಯುತ್ತೇನೆ. ಅಪ್ಪಾಜಿಯವರ ಕೈ ಬೆಚ್ಚಗೆ ಮಾಡಿ, ಬೇರೆ ಬೆರಳಿಗೆ ಹಾಕಿ ಒಂದು ನಿಮಿಷ ಬಿಟ್ಟು ನೋಡಿ. ಆಮೇಲೆ ನಿಮ್ಮ ಬೆರಳಿಗೆ ಹಾಕಿ. ನಿಮಗೆ 98 ತೋರಿಸಿ ಅವರಿಗೆ 91 ತೋರಿಸಿದರೆ ಮಷೀನ್ ಸರಿ ಇದೆ.

ಇದು ಲಸಿಕೆಯ ಸೂಜಿಯ ಜ್ವರ ಅಲ್ಲ, ಕೊರೊನಾ ಇರಬೇಕು. ಆ ಜ್ವರ ಹಾಕಿಸಿದ ದಿನ ಇಲ್ಲವೇ ಮರುದಿನ ಬಂದು, ಎರಡು ಮೂರು ದಿನದಲ್ಲಿ ಹೋಗುತ್ತದೆ. ತೋಳು ನೋಯುತ್ತದೆ, ಮೈ ಹಣ್ಣಾಗುತ್ತದೆ. ಅದರಲ್ಲಿ ಕೆಮ್ಮು ಬರುವುದಿಲ್ಲ, ಆಕ್ಸಿಜನ್ ಇಳಿಯುವುದಿಲ್ಲ. ಹಾಗಂತ ಲಸಿಕೆಯಿಂದ ಕೊರೊನಾ ಬಂತು ಅಂತಲೂ ತಿಳಿಯಬೇಡಿ. ಕೋವಿಶೀಲ್ಡ್‌ನಲ್ಲಿ ಕೊರೊನಾ ವೈರಸ್ಸೇ ಇಲ್ಲ, ಕೋವ್ಯಾಕ್ಸಿನ್‌ನಲ್ಲಿ ಇರುವುದು ಸತ್ತದ್ದು. ಸೋಂಕು ಆಗಲೇ ಮೈಯಲ್ಲಿ ಇದ್ದಿರಬೇಕು, ಇಲ್ಲ ಆ ಸಾಲಿನಲ್ಲೇ ತಗುಲಿರಬೇಕು. ಮೊದಲ ಡೋಸ್ ಕೆಲಸ ಶುರು ಮಾಡಲು ಎರಡು ಮೂರು ವಾರ ಬೇಕು.

ಟೈಫಾಯಿಡ್ ಅಂದದ್ದು ವಿಡಾಲ್ ಅನ್ನುವ ರಕ್ತ ಪರೀಕ್ಷೆ ನೋಡಿಯೇ ಇರಬೇಕು. ನಮ್ಮ ಕಡೆ ಹಿಂದೆ ಯಾವಾಗಲೋ ಟೈಫಾಯಿಡ್ ಆದವರಿಗೂ, ಬೇರೆ ಜ್ವರ ಇದ್ದವರಿಗೂ ಅದು ಪಾಸಿಟಿವ್ ಬರುತ್ತದೆ. ಅದನ್ನೇ ನಂಬಿ ಮನೆಯಲ್ಲಿ ಕೂತವರನ್ನು ಈ ಅಲೆಯಲ್ಲಿ ತುಂಬಾ ತಡವಾಗಿ ನೋಡಿದ್ದೇವೆ. ಆರಾಮಾಗಿ ಊಟ ಮಾಡಿದರು ಅನ್ನುವ ಧೈರ್ಯ ಬೇಡ. ಈ ಬೇನೆಯಲ್ಲಿ ಆಕ್ಸಿಜನ್ ಇಳಿದರೂ ಎಷ್ಟೋ ಜನರಿಗೆ ದಮ್ಮು ಹತ್ತುವುದಿಲ್ಲ. ಹತ್ತಿದಾಗ ಹೊತ್ತು ಮೀರಿರುತ್ತದೆ.

ಈಗಲೇ 108ಕ್ಕೆ ಫೋನ್ ಮಾಡಿ. ಹಾವೇರಿ ಜಿಲ್ಲಾಸ್ಪತ್ರೆಗೆ ಹೋಗಿ, ಅದೇ ಹತ್ತಿರ. ಬೈಕ್ ಮೇಲೆ ಕೂರಿಸಬೇಡಿ. ಸ್ವಂತ ಕಾರಿನಲ್ಲಿ ಸೀದಾ ಹುಬ್ಬಳ್ಳಿಗೆ ಬರುವ ಯೋಚನೆಯೂ ಬೇಡ. ಅಲ್ಲಿನ ಕಿಮ್ಸ್ ಆಸ್ಪತ್ರೆಗೆ ಕಳಿಸಬೇಕಾದರೆ ಅವರೇ ಆಕ್ಸಿಜನ್ ಹಚ್ಚಿ ಕಳಿಸಲಿ. ಗಾಡಿ ಬರುವ ತನಕ ಬೋರಲು ಮಲಗಿಸಿ. ಎದೆಯ ಕೆಳಗೆ ಒಂದು ದಿಂಬು, ಸೊಂಟದ ಕೆಳಗೆ ಒಂದು. ಆಧಾರ್ ಕಾರ್ಡ್, ಶುಗರ್ ಗುಳಿಗೆ, ಇಲ್ಲಿಯವರೆಗಿನ ಎಲ್ಲ ಚೀಟಿ, ಫೋನ್ ಚಾರ್ಜರ್ ಇಟ್ಟುಕೊಳ್ಳಿ. ದಿನಾ ಕೊಡುತ್ತಿದ್ದ ಸೂಜಿಯ ಹೆಸರು ನನಗೆ ಬರೆಯಿರಿ.

ವಿಜಯ, ರಾಣೇಬೆನ್ನೂರು: ದವಾಖಾನೆಗೆ ಒಯ್ದರೆ ಸತ್ತೇ ಬರುತ್ತಾರೆ. ಮೂಗಿಗೆ ಎರಡೆರಡು ಹನಿ ನಿಂಬೆರಸ ಬಿಡ್ರಿ, ಕಫ ಎಲ್ಲ ಹೊರಗೆ ಬರುತ್ತದೆ. ಕರ್ಪೂರ, ಅಜವಾನ, ಲವಂಗ ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ಆಕ್ಸಿಜನ್ ಏರುತ್ತದೆ. ನೂರಾರು ಜನ ಗುಣ ಆಗಿದ್ದಾರೆ, ಎಲ್ಲರಿಗೂ ಕಳಿಸಿ.

ಡಾಕ್ಟರ್: ವಿಜಯ್ ಅವರೇ, ದಯವಿಟ್ಟು ಇದನ್ನು ಅಳಿಸಿ. ನಿಂಬೆರಸ ಹುಳಿ. ಮೂಗಿನ ಒಳಪದರ ಸುಡುತ್ತದೆ, ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಉರಿಗೆ ಸುರಿಯುವ ಸಿಂಬಳವನ್ನು ಎದೆಯ ಕಫ ಅಂದುಕೊಳ್ಳುತ್ತಾರೆ, ಅಷ್ಟೇ. ಕರ್ಪೂರ ಮೂಸಿದರೆ ಮೂಗು ತೆರೆದ ಹಾಗೆ ಅನಿಸುತ್ತದೆ, ರಕ್ತದ ಆಕ್ಸಿಜನ್ ಒಂದು ಅಂಕಿಯೂ ಏರುವುದಿಲ್ಲ. ಸಣ್ಣ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ.

ವಿಜಯ, ರಾಣೇಬೆನ್ನೂರು: ನಮ್ಮ ಹಿರಿಯರು ದಡ್ಡರಾಗಿದ್ದರಾ?

ಡಾಕ್ಟರ್: ಹಿರಿಯರು ಮೂಗಿಗೆ ನಿಂಬೆರಸ ಬಿಟ್ಟಿಲ್ಲ. ಇದು ಏಪ್ರಿಲ್‌ನಲ್ಲಿ ವಾಟ್ಸಾಪಿನಲ್ಲಿ ಬಂದದ್ದು. ಅಡ್ಮಿನ್, ಅಳಿಸಿ.

ಪ್ರಕಾಶ, ವಿದ್ಯಾನಗರ: ಇರಲಿ ಬಿಡಿ. ಲಸಿಕೆ ಸಿಗುವುದಾದರೂ ಎಲ್ಲಿ? ಮುಂಜಾನೆ ಐದಕ್ಕೆ ಸಾಲಿನಲ್ಲಿ ನಿಂತೆ. ಹತ್ತಕ್ಕೆ ಬಂದವರು ಒಳಗಿನಿಂದ ಹೋದರು. ನಮಗೆ ಟೋಕನ್ ಮುಗಿಯಿತು ಅಂದರು.

ಗೀತಾ, ಆಶಾ ಕಾರ್ಯಕರ್ತೆ, ಶಿರಹಟ್ಟಿ ತಾಲೂಕು: ಅಣ್ಣಾರ, ಎಲ್ಲ ಕಡೆ ಹಾಗಿಲ್ಲ. ಕೋವಿಶೀಲ್ಡ್ ಒಂದು ಬಾಟಲಿಯಲ್ಲಿ 10 ಜನಕ್ಕೆ ಆಗುತ್ತದೆ, ತೆರೆದರೆ 4 ತಾಸಿನಲ್ಲಿ ಮುಗಿಸಬೇಕು. ಸಂಜೆ ಉಳಿದರೆ ಚೆಲ್ಲುವುದಕ್ಕಿಂತ ಹತ್ತಿರದವರನ್ನು ಕರೆದು ಹಾಕುತ್ತೇವೆ.

ಪ್ರಕಾಶ, ವಿದ್ಯಾನಗರ: ಮುಂಜಾನೆ ಹತ್ತಕ್ಕೆ ಯಾವ ಬಾಟಲಿ ಉಳಿದಿತ್ತು? ನೀವೆಲ್ಲ ಒಂದೇ.

ಗೀತಾ: ಬಾಯಿಗೆ ಬಂದದ್ದು ಬರೆಯಬೇಡಿ. ನಮ್ಮ ಹಳ್ಳಿಯಲ್ಲಿ ನಾನು ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಲಸಿಕೆ ಹಾಕಿಸಿದವರು ಎರಡು ವರ್ಷದಲ್ಲಿ ಸಾಯುತ್ತಾರಂತೆ, ಮಕ್ಕಳಾಗುವುದಿಲ್ಲವಂತೆ. ಹೊಲಕ್ಕೆ ಓಡಿ ಹೋದವರ ಹಿಂದೆ ಹೋಗಿ ಕರೆದಿದ್ದೇನೆ. ನಿಮ್ಮ ಕಡೆ ಸಾಲು, ನಮ್ಮ ಕಡೆ ಖಾಲಿ ಕುರ್ಚಿ. ಬೈಸಿಕೊಳ್ಳುವವರು ಮಾತ್ರ ನಾವೇ.

ಶಾಂತಾ, ಗದಗ: ಪ್ರಕಾಶ್ ಅವರೇ, ಗೀತಾ ಅಕ್ಕನಿಗೆ ಕ್ಷಮೆ ಕೇಳಿ.

ಪ್ರಕಾಶ, ವಿದ್ಯಾನಗರ: ಸಾಲಿನಲ್ಲಿ ನಿಂತವನು ನಾನು, ಕ್ಷಮೆ ಯಾಕೆ ಕೇಳಲಿ?

ಡಾಕ್ಟರ್: ಗೀತಾ, ಎರಡು ವರ್ಷದ ಸಾವು ಸುಳ್ಳು ಸುದ್ದಿ. ಅದಕ್ಕೆ ಯಾವ ಆಧಾರವೂ ಇಲ್ಲ. ಮುಟ್ಟಾದಾಗಲೂ ಹಾಕಿಸಬಹುದು ಅಂತ ಹೆಣ್ಣುಮಕ್ಕಳಿಗೆ ಹೇಳಿ. ಪ್ರಕಾಶ್, ಸಾಲಿನ ದೂರು ಆರೋಗ್ಯಾಧಿಕಾರಿಗೆ ಬರೆದು ಕೊಡಿ, ಇಲ್ಲಿ ಬೇಡ.

ನಾಗರತ್ನಾ, ಕುಂದಗೋಳ: ನಮ್ಮ ಯಜಮಾನರು ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದಾರೆ, ರಕ್ತ ತೆಳು ಮಾಡುವ ಗುಳಿಗೆ ಇದೆ. ಲಸಿಕೆಗೆ ನಿಲ್ಲಿಸಬೇಕಾ?

ರಮೇಶ, ಹಳೇ ಹುಬ್ಬಳ್ಳಿ: ಸರ್ಟಿಫಿಕೇಟಿನಲ್ಲಿ ನಮ್ಮ ತಾಯಿಯ ಹೆಸರು ತಪ್ಪಾಗಿದೆ. ಯಾರನ್ನು ಕೇಳಬೇಕು?

ಬಸಮ್ಮ, ಕಲಘಟಗಿ: ತಂಗಿ ಐದು ತಿಂಗಳ ಬಸುರಿ. ಅವಳಿಗೆ?

ಮಂಜುನಾಥ, ಬ್ಯಾಡಗಿ: ಮೇಡಂ, ನನಗೆ 98, ಅಪ್ಪಾಜಿಗೆ 90. ಗಾಡಿ ಹೊರಟಿದೆ. ಸೂಜಿ ಡೆಕ್ಸಾಮೆಥಾಸೋನ್, ನಾಲ್ಕು ದಿನದಿಂದ.

ಡಾಕ್ಟರ್: ಅದು ಸ್ಟೀರಾಯ್ಡ್. ಆಕ್ಸಿಜನ್ ಸರಿ ಇದ್ದಾಗ ಕೊಟ್ಟರೆ ವೈರಸ್ಸಿಗೇ ಅನುಕೂಲ, ಮೇಲೆ ಶುಗರ್ ಏರಿಸುತ್ತದೆ. ದವಾಖಾನೆಯಲ್ಲಿ ಮೊದಲು ಇದನ್ನೇ ಹೇಳಿ. ಶುಗರ್ ನೋಡಿಸಿ.

ನಾಗರತ್ನಾ, ನಿಲ್ಲಿಸಬೇಡಿ. ಸೂಜಿ ಚುಚ್ಚಿದ ಜಾಗ ಐದು ನಿಮಿಷ ಒತ್ತಿ ಹಿಡಿಯಿರಿ. ಗುಳಿಗೆಯ ಹೆಸರನ್ನು ಕೇಂದ್ರದಲ್ಲಿ ಮೊದಲೇ ಹೇಳಿ.

ಸಂತೋಷ, ನರಗುಂದ: ಕೋವಿಶೀಲ್ಡ್ ಎರಡನೇ ಡೋಸ್ ಯಾವಾಗ ಮೇಡಂ?

ಡಾಕ್ಟರ್: ಮೇಲೆ ಓದಿ.

ಸಂತೋಷ, ನರಗುಂದ: ಒಂದು ಮಾತು ಹೇಳಿದರೆ ಏನಾಗುತ್ತದೆ? ಉತ್ತರ ಕೊಡಲಿಕ್ಕೇ ಬಂದಿದ್ದೀರಲ್ಲ.

ಸವಿತಾ, ನವನಗರ: 84 ದಿನಾ ರೀ! ಅಲ್ಲೊಬ್ಬರ ಅಪ್ಪಾಜಿ ಆಂಬುಲೆನ್ಸಿನಲ್ಲಿ ಇದ್ದಾರೆ, ಕಾಣುವುದಿಲ್ಲವಾ?

ವಿಜಯ, ರಾಣೇಬೆನ್ನೂರು: ನನ್ನ ಮೆಸೇಜ್ ಯಾಕೆ ಅಳಿಸಿದಿರಿ? ಇಂಗ್ಲಿಷ್ ಔಷಧದವರಿಗೆ ಮಾತ್ರ ಗುಂಪಾ?

ಅಡ್ಮಿನ್: ವಿಜಯ್ ಅವರೇ, ಇನ್ನೊಮ್ಮೆ ಹಾಕಿದರೆ ಗುಂಪಿನಿಂದ ತೆಗೆಯುತ್ತೇನೆ.

ಮಂಜುನಾಥ, ಬ್ಯಾಡಗಿ: ಹಾವೇರಿ ಮುಟ್ಟಿದೆವು. ಆಕ್ಸಿಜನ್ ಹಚ್ಚಿದ ಮೇಲೆ 95. ಶುಗರ್ 412 ಇದೆ. ಇಲ್ಲಿಯೂ ಅದೇ ಸ್ಟೀರಾಯ್ಡ್ ಮುಂದುವರಿಸುತ್ತೇವೆ ಅಂದರು. ನೀವು ತಪ್ಪು ಅಂದಿದ್ದಿರಿ. ಬೇಡ ಅನ್ನಲಾ?

ಡಾಕ್ಟರ್: ಬೇಡ ಅನ್ನಬೇಡಿ, ಮಂಜುನಾಥ್. ಮನೆಯಲ್ಲಿ ಮೊದಲ ದಿನಗಳಲ್ಲಿ ಕೊಟ್ಟದ್ದು ತಪ್ಪು. ಈಗ ಆಕ್ಸಿಜನ್ ಬೇಕಾಗಿದೆ, ಪುಪ್ಪುಸದ ಬಾವು ಇಳಿಸಲು ಅದೇ ಔಷಧ ಬೇಕು. ಆಕ್ಸಿಜನ್ ಮೇಲಿರುವವರ ಪ್ರಾಣ ಉಳಿಸುತ್ತದೆ ಅಂತ ಗೊತ್ತಾಗಿರುವ ಔಷಧ ಅದು. ಆದರೆ 412 ಶುಗರ್ ಹಾಗೇ ಬಿಡಬಾರದು. ಇನ್ಸುಲಿನ್ ಶುರು ಮಾಡುತ್ತಾರೆ, ಹೆದರಬೇಡಿ. ದಿನಾ ಶುಗರ್ ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮನೆಗೆ ಬಂದ ಮೇಲೂ ಕೆಲವು ವಾರ ಎಚ್ಚರ ಬೇಕು. ಮುಖದ ಒಂದು ಬದಿ ಬಾವು, ಮೂಗಿನಲ್ಲಿ ಕಪ್ಪು ಇಲ್ಲವೇ ರಕ್ತ, ಕಣ್ಣು ನೋವು, ಒಂದು ವಸ್ತು ಎರಡಾಗಿ ಕಾಣುವುದು, ಹಲ್ಲು ಅಲುಗುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ತೋರಿಸಿ. ಕಪ್ಪು ಫಂಗಸ್ ಹೀಗೇ ಶುರುವಾಗುತ್ತದೆ. ಮನೆಯಲ್ಲಿ ಇನ್ನು ಯಾರಿಗಾದರೂ ಕೆಮ್ಮು, ಜ್ವರ ಇದೆಯಾ? ಅಮ್ಮನವರ ಬೆರಳಿಗೂ ಮಷೀನ್ ಹಾಕಿ ನೋಡಿ, ನಾಳೆ ಎಲ್ಲರೂ ಟೆಸ್ಟ್ ಮಾಡಿಸಿ. ನನ್ನ ನಂಬರ್ ಪ್ರತ್ಯೇಕ ಕಳಿಸಿದ್ದೇನೆ, ರಾತ್ರಿ ಎಷ್ಟೊತ್ತಿಗಾದರೂ ಮಾಡಿ.