ಹಳೆಯ ಇಂಗ್ಲಿಷಿನ 'ಹ್ಯಾಪಿ'ಗೆ ಕನ್ನಡದಲ್ಲಿ ಏನು ಬರೆದಿರಿ? ಅನುಭವಸ್ಥರು ತಿಳಿಸಿ

ಹೊಸ ಅನುವಾದಕಿ: 1590ರ ದಶಕದ ಇಂಗ್ಲಿಷ್ ಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಹ್ಯಾಪಿ' ಗಾಳಿ ಬೀಸಿ ಹಡಗು ದಡ ಸೇರಿತು ಎಂದಿದೆ. 'ಸಂತೋಷದ ಗಾಳಿ' ಎಂದರೆ ನಗೆಪಾಟಲಾಗುತ್ತದೆ. ಮುಂದಿನ ವಾರ ಅಚ್ಚಿಗೆ ಹೋಗಬೇಕು.

ಅಂಟು ಹಚ್ಚಿದವನು: ಅಚ್ಚಿಗೆ ಮುಂಚೆಯೇ ಕೇಳಿದಿರಿ, ಪುಣ್ಯವಂತರು. ನಾನು 'ಹಡಗು ಒಡೆಯಿತು, ಸಂತೋಷದಿಂದ ಹನ್ನೊಂದು ಮಂದಿ ಉಳಿದರು' ಎಂದು ಬರೆದೆ. 600 ಪ್ರತಿ ಅಚ್ಚಾದ ಮೇಲೆ ನಮ್ಮ ಬೀಗರು ತೋರಿಸಿದರು. ತಿದ್ದುಪಡಿ ಚೀಟಿಗೆ 540 ರೂಪಾಯಿ, ಕತ್ತರಿಸಿದ್ದಕ್ಕೆ 120, ಮೈದಾ ಅರ್ಧ ಕಿಲೋ. ಮನೆಮಂದಿಯೆಲ್ಲ ಮೂರು ರಾತ್ರಿ ಕುಳಿತು ಅಂಟಿಸಿದೆವು. ನಾಲ್ಕನೆಯ ದಿನ 83ನೆಯ ಪುಟಕ್ಕೆ ಇರುವೆ ಮುತ್ತಿತ್ತು. 40 ಪ್ರತಿ ರದ್ದಿಗೆ ಹೋದವು.

ನಿವೃತ್ತ ಮೇಷ್ಟ್ರು: 'ಹ್ಯಾಪ್' ಎಂದರೆ ಅದೃಷ್ಟ, ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. 'ಹ್ಯಾಪನ್', 'ಪರ್‌ಹ್ಯಾಪ್ಸ್', 'ಮಿಸ್‌ಹ್ಯಾಪ್' ಎಲ್ಲ ಒಂದೇ ಮನೆಯವು. 14ನೆಯ ಶತಮಾನದಲ್ಲಿ 'ಹ್ಯಾಪಿ' ಎಂದರೆ ಅದೃಷ್ಟಶಾಲಿ. ಸಂತೋಷ ಆಮೇಲೆ ಬಂದು ಸೇರಿಕೊಂಡಿತು. ನಾನು 'ಭಾಗ್ಯ' ಎಂದೇ ಬರೆದೆ, ಇಂದಿಗೂ ಅದೇ ಸರಿ. ಓದುಗರು ಪಡಿತರದ ಯೋಜನೆ ಎಂದುಕೊಳ್ಳುತ್ತಾರೆಂದು ಸಂಪಾದಕರು ಹೊಡೆದುಹಾಕಿದರು. ಹಸ್ತಪ್ರತಿ ವಾಪಸ್ ತಂದೆ. ಹನ್ನೊಂದು ವರ್ಷದಿಂದ ಟ್ರಂಕಿನಲ್ಲಿದೆ.

ಕುರಿ ಕಾಯುವವಳು: ನನಗೆ ಕೈಕೊಟ್ಟದ್ದು 'ಸಿಲ್ಲಿ'. ಹಳೆಯ ಇಂಗ್ಲಿಷಿನ 'ಸೇಲಿಗ್' ಎಂದರೆ ಸುಖಿ, ಧನ್ಯ. ಧನ್ಯನಾಗಿದ್ದವನು ಮುಗ್ಧನಾಗಿ, ಬಡಪಾಯಿಯಾಗಿ, ಕಡೆಗೆ ಪೆದ್ದನಾದ. ಹಳೆಯ ಪದ್ಯದ ಬಡಪಾಯಿ ಕುರಿಯನ್ನು ನಾನು 'ಪೆದ್ದ ಕುರಿ' ಮಾಡಿದೆ. ವಿಮರ್ಶಕರೊಬ್ಬರು ಒಂದೂವರೆ ಪುಟ ಬೈದರು. ಉಳಿದ 46 ಪದ್ಯಗಳ ಬಗ್ಗೆ ಒಂದು ಸಾಲೂ ಇಲ್ಲ.

ಅಚ್ಚಗನ್ನಡಿಗ: ಭಾಗ್ಯ, ಧನ್ಯ, ಸುಖಿ! ಕನ್ನಡ ಎಲ್ಲಿದೆ ಇದರಲ್ಲಿ? ನನ್ನ ಪುಸ್ತಕದುದ್ದಕ್ಕೂ 'ನಲಿವು' ಎಂದೇ ಇದೆ. ಒಬ್ಬರೂ ತಕರಾರು ಎತ್ತಲಿಲ್ಲ.

ನಿವೃತ್ತ ಮೇಷ್ಟ್ರು: ಓದಿದವರಿದ್ದರೆ ತಾನೇ? ಗಾಳಿ ನಲಿಯುತ್ತದೆಯೇ, ಹೇಳಿ.

ಅಚ್ಚಗನ್ನಡಿಗ: ನಿಮ್ಮ 'ಹರ್ಷ'ದ ಮೂಲ ಮೈಕೂದಲು ನಿಮಿರುವುದು. ಮೂಲ ಹಿಡಿದೇ ಬರೆಯುವವರು ಮೊದಲು ತೋಳು ಮಡಚಿ ತೋರಿಸಲಿ.

ನಿವೃತ್ತ ಮೇಷ್ಟ್ರು: 'ಹರ್ಷ' ಎಂದು ನಾನು ಯಾವಾಗ ಬರೆದೆ?

ಹೊಸ ಅನುವಾದಕಿ: ಗಾಳಿಯ ವಿಷಯ ಯಾರೂ ಹೇಳಲಿಲ್ಲ. 'ದೈವಾನುಕೂಲದಿಂದ ಒಳ್ಳೆಯ ಗಾಳಿ ಬೀಸಿತು' ಎಂದರೆ ನಡೆದೀತೇ?

ಬೈಂಡಿಂಗ್ ಅಂಗಡಿ: ಇರುವೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಮೈದಾ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ ಹಾಕಬೇಕು.

ಅಂಟು ಹಚ್ಚಿದವನು: ಆಗ ಎಲ್ಲಿದ್ದಿರಿ ಸ್ವಾಮಿ?