ಹಾಸಿಗೆ ಹಿಡಿದ ಅವ್ವನ ಕೂದಲನ್ನು ನೀರೆರೆಯದೆ ಶುಚಿ ಮಾಡುವುದು ಹೇಗೆ?

ಪ್ರಶ್ನೆ (ಜಲನಗರ, ವಿಜಯಪುರ)

ಎಲ್ಲರಿಗೂ ನಮಸ್ಕಾರ. ನನ್ನ ಅವ್ವನಿಗೆ 71 ವರ್ಷ. ಹನ್ನೆರಡು ದಿನಗಳ ಹಿಂದೆ ಬಚ್ಚಲಲ್ಲಿ ಕಾಲು ಜಾರಿ ಬಿದ್ದಾಗ ಸೊಂಟದ ಕೀಲಿನ ಬಳಿ ತೊಡೆಯ ಎಲುಬು ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿ ಒಳಗೆ ರಾಡು ಹಾಕಿದ್ದಾರೆ. ಹೊಲಿಗೆಗೆ ನೀರು ತಾಗಬಾರದು, ಸದ್ಯಕ್ಕೆ ಬಚ್ಚಲಿಗೆ ಕರೆದೊಯ್ಯಬಾರದು, ಬೆನ್ನಿಗೆ ದಿಂಬು ಕೊಟ್ಟು ಮಂಚದ ಮೇಲೆಯೇ ಸ್ವಲ್ಪ ಹೊತ್ತು ಒರಗಿಸಿ ಕೂರಿಸಬಹುದು ಎಂದು ವೈದ್ಯರು ಹೇಳಿ ಕಳಿಸಿದ್ದಾರೆ. ಮೈಯನ್ನು ದಿನವೂ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ, ಅದಕ್ಕೆ ಅಡ್ಡಿಯಿಲ್ಲ. ಕೂದಲಿನದೇ ಚಿಂತೆಯಾಗಿದೆ.

ಅವ್ವನ ಕೂದಲು ಪೂರ್ತಿ ಬೆಳ್ಳಗಾಗಿದ್ದರೂ ಸೊಂಟದವರೆಗೆ ಇದೆ. ಮಂಗಳವಾರ, ಶುಕ್ರವಾರ ತಪ್ಪದೆ ಸೀಗೆಕಾಯಿ ಹಚ್ಚಿ ಎರೆದುಕೊಳ್ಳುತ್ತಿದ್ದಳು. ಬೀಳುವ ಹಿಂದಿನ ದಿನವಷ್ಟೇ ತಲೆತುಂಬ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದಳು; ಆ ಎಣ್ಣೆ ಇಂದಿಗೂ ಹಾಗೆಯೇ ಇದೆ. ಊರಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದೆ. ಎಣ್ಣೆ, ಬೆವರು, ದೂಳು ಮೂರೂ ಸೇರಿ ಹೆರಳು ಹಗ್ಗದಂತೆ ಬಿಗಿದುಕೊಂಡಿದೆ, ತಲೆ ಕಡಿಯುತ್ತದೆಂದು ಅವಳು ರಾತ್ರಿಯೆಲ್ಲ ನಿದ್ದೆಗೆಡುತ್ತಾಳೆ. ಕೂದಲು ಕತ್ತರಿಸಿಬಿಡಿ ಎಂದು ನೆರೆಮನೆಯವರು ಹೇಳಿದಾಗ ಅತ್ತುಬಿಟ್ಟಳು. ಆ ಮಾತನ್ನು ನಾನು ಮತ್ತೆ ಎತ್ತಲಾರೆ.

ಔಷಧದ ಅಂಗಡಿಯಲ್ಲಿ ಎರಡು ವಸ್ತುಗಳನ್ನು ತೋರಿಸಿದರು. ಒಂದು ಡಬ್ಬಿಯಿಂದ ಸ್ಪ್ರೇ ಮಾಡುವ ಡ್ರೈ ಶಾಂಪೂ, ಇನ್ನೊಂದು ಹಚ್ಚಿದ ಮೇಲೆ ತೊಳೆಯಬೇಕಾಗಿಲ್ಲ ಎಂದು ಬರೆದಿರುವ ನೊರೆ ಬರುವ ಶಾಂಪೂ. ಎರಡೂ ಒಂದೆಯೇ? ತೊಳೆಯದೆ ಬಿಟ್ಟರೆ ತಲೆಯಲ್ಲಿದ್ದ ಕೊಳೆ ಎಲ್ಲಿಗೆ ಹೋಗುತ್ತದೆ? ಮನೆಯಲ್ಲಿ ನಾವಿಬ್ಬರೇ ಇದ್ದೇವೆ, ಅಕ್ಕ ಇಳಕಲ್ಲಿನಿಂದ ವಾರಕ್ಕೊಮ್ಮೆ ಬಂದುಹೋಗುತ್ತಾಳೆ. ಉದ್ದ ಕೂದಲನ್ನು ಹೇಗೆ ಹಿಡಿಯಬೇಕೆಂಬುದೇ ನನಗೆ ಗೊತ್ತಿಲ್ಲದ ಕಾರಣ, ತಿಳಿದವರು ಬಿಡಿಸಿ ಹೇಳಿದರೆ ದೊಡ್ಡ ಉಪಕಾರವಾಗುತ್ತದೆ.

ಉತ್ತರ (ಗೋಕಾಕ, ಬೆಳಗಾವಿ ಜಿಲ್ಲೆ)

ನಮ್ಮ ಮಾವನವರು ಮೂರು ತಿಂಗಳು ಹಾಸಿಗೆಯಲ್ಲಿದ್ದಾಗ ನಾವು ಅಂಗಡಿಯ ಯಾವ ಶಾಂಪೂವನ್ನೂ ತರಲಿಲ್ಲ. ನುಣ್ಣಗೆ ಬೀಸಿ ವಸ್ತ್ರಗಾಳಿ ಮಾಡಿದ ಅಕ್ಕಿ ಹಿಟ್ಟನ್ನು ಬೆರಳತುದಿಯಿಂದ ಕೂದಲ ಬುಡಕ್ಕೆ ಸವರಿ, ಹತ್ತು ನಿಮಿಷ ಬಿಟ್ಟು, ಸೀರಣಿಗೆಯಿಂದ ಬಾಚಿ ತೆಗೆಯುತ್ತಿದ್ದೆವು. ಅವರದು ಗಿಡ್ಡ ಕೂದಲಾದ್ದರಿಂದ ಸಾಕಷ್ಟು ಹಗುರವೆನಿಸುತ್ತಿತ್ತು. ಒಮ್ಮೆ ಮಾತ್ರ ಅಕ್ಕಿ ಹಿಟ್ಟಿನ ಬದಲು ಕಡಲೆ ಹಿಟ್ಟು ಹಾಕಿದೆವು. ಬೆವರಿಗೆ ಅದು ಕಲಸಿದಂತಾಗಿ ಬುಡಕ್ಕೆ ಅಂಟಿಕೊಂಡಿತು, ಬೆಳಗಾಗುವಷ್ಟರಲ್ಲಿ ದಿಂಬಿಗೆ ಇರುವೆ ಮುತ್ತಿದ್ದವು. ದಯವಿಟ್ಟು ಅದನ್ನು ಮಾಡಬೇಡಿ.

ಉತ್ತರ (ಟಿಳಕವಾಡಿ, ಬೆಳಗಾವಿ)

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಕೊಳೆ ಎಲ್ಲಿಗೆ ಹೋಗುತ್ತದೆ ಎಂದು ನೀವು ಕೇಳಿದಿರಲ್ಲ, ಈ ಎರಡು ವಸ್ತುಗಳ ನಡುವಿನ ಅಂತರವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ.

ಡ್ರೈ ಶಾಂಪೂ ಎಂಬುದು ಮೂಲತಃ ಪುಡಿ. ಅಕ್ಕಿಯ, ಮೆಕ್ಕೆಜೋಳದ ಅಥವಾ ಮರಗೆಣಸಿನ ಪಿಷ್ಟವೇ ಅದರ ಜೀವಾಳ. ಕೆಲವದರಲ್ಲಿ ನುಣುಪಾದ ಜೇಡಿಮಣ್ಣೂ ಇರುತ್ತದೆ. ನೆತ್ತಿಯ ಗ್ರಂಥಿಗಳಿಂದ ಒಸರುವ ಜಿಡ್ಡನ್ನು ಈ ಪುಡಿ ಹೀರಿಕೊಳ್ಳುತ್ತದೆ, ಕೂದಲು ಬಿಡಿಬಿಡಿಯಾಗಿ ಕಾಣುತ್ತದೆ. ಆದರೆ ಹೀರಿದ ಜಿಡ್ಡಿನ ಸಮೇತ ಪುಡಿ ಕೂದಲಲ್ಲೇ ಉಳಿದಿರುತ್ತದೆ. ಬಾಚಿದಾಗ ಉದುರಿದಷ್ಟು ಮಾತ್ರ ಹೊರಗೆ ಹೋಗುತ್ತದೆ. ಬೆವರಿನ ಉಪ್ಪು, ಸತ್ತ ಚರ್ಮದ ಹೊಟ್ಟು ಅದಕ್ಕೆ ಬಗ್ಗುವುದಿಲ್ಲ. ಗೋಕಾಕದವರು ಹೇಳಿದ ಅಕ್ಕಿ ಹಿಟ್ಟಿನ ಉಪಾಯವೂ ಇದೇ ಜಾತಿಯದು. ಗಿಡ್ಡ ಕೂದಲಿಗೆ, ಒಂದೆರಡು ದಿನ ತಳ್ಳುವುದಕ್ಕೆ ಅದು ಸರಿ. ಹನ್ನೆರಡು ದಿನಗಳ ಕೊಬ್ಬರಿ ಎಣ್ಣೆ ಕುಡಿದು ಕುಳಿತಿರುವ ಸೊಂಟದುದ್ದದ ಕೂದಲಿಗೆ ಪುಡಿ ಹಾಕಿದರೆ ಎಣ್ಣೆಯೂ ಪುಡಿಯೂ ಸೇರಿ ಮೇಣದಂತಾಗುತ್ತದೆಯೇ ಹೊರತು ಶುಚಿಯಾಗುವುದಿಲ್ಲ.

ತೊಳೆಯಬೇಕಿಲ್ಲದ ಶಾಂಪೂವಿನ ಬಗೆ ಬೇರೆ. ಅದರಲ್ಲಿ ನೀರು ಮತ್ತು ಬಹಳ ಸೌಮ್ಯವಾದ ನೊರೆಕಾರಕಗಳಿರುತ್ತವೆ. ನೊರೆಕಾರಕದ ಕಣಕ್ಕೆ ಎರಡು ತುದಿ. ಒಂದು ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಹೀಗೆ ಜಿಡ್ಡು ಕೂದಲನ್ನು ಬಿಟ್ಟು ನೊರೆಯೊಳಕ್ಕೆ ಬರುತ್ತದೆ, ಆ ನೊರೆಯನ್ನು ಒಣ ಟವೆಲ್ ಹೀರಿಕೊಳ್ಳುತ್ತದೆ. ಬಚ್ಚಲ ಮೋರಿಗೆ ಹರಿಯಬೇಕಾದ ಕೊಳೆ ಟವೆಲ್ಲಿಗೆ ಸೇರುತ್ತದೆ. ಆದ್ದರಿಂದ ಇಲ್ಲಿ ಶಾಂಪೂವಿನಷ್ಟೇ ಕೆಲಸ ಟವೆಲ್ಲಿನದೂ ಆಗಿದೆ. ಒರೆಸುವುದರಲ್ಲಿ ಅವಸರ ಮಾಡಿದರೆ ಎತ್ತಿದ ಕೊಳೆ ಮತ್ತೆ ನೆತ್ತಿಗೇ ಇಳಿಯುತ್ತದೆ. ದಿನಬಳಕೆಯ ಶಾಂಪೂವನ್ನೋ ಸೀಗೆಕಾಯಿ, ಅಂಟುವಾಳದ ರಸವನ್ನೋ ಹಚ್ಚಿ ಹೀಗೆಯೇ ಒರೆಸಿಬಿಡಬಹುದಲ್ಲ ಎಂದು ಯಾರಿಗಾದರೂ ತೋಚಬಹುದು. ಹಾಗೆ ಮಾಡಬಾರದು. ಅವು ಚರ್ಮದ ಮೇಲೆ ಉಳಿದರೆ ಉರಿ, ಕಡಿತ ಹೆಚ್ಚುತ್ತದೆ. ಅಂಟುವಾಳವಂತೂ ಕಣ್ಣಿಗೆ ತಗುಲಿದರೆ ಬಹಳ ಹೊತ್ತು ಕಾಡುತ್ತದೆ.

ಬಾಹ್ಯಾಕಾಶ ಯಾತ್ರಿಗಳು ಇದೇ ವಿಧಾನವನ್ನು ನೆಚ್ಚಿಕೊಂಡಿದ್ದಾರೆ. ಅಲ್ಲಿ ತೂಕವಿಲ್ಲದ ಕಾರಣ ನೀರು ಕೆಳಗೆ ಹರಿಯುವುದಿಲ್ಲ, ಗುಳ್ಳೆಯಾಗಿ ತೇಲುತ್ತದೆ. ಹಾಗಾಗಿ ಎರೆದುಕೊಳ್ಳುವ ಮಾತೇ ಇಲ್ಲ. ನಾಸಾದ ಕ್ಯಾರನ್ ನೈಬರ್ಗ್ 2013ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ತಮ್ಮ ಉದ್ದ ಕೂದಲನ್ನು ಶುಚಿ ಮಾಡಿಕೊಳ್ಳುವುದನ್ನು ವಿಡಿಯೊ ಮಾಡಿ ತೋರಿಸಿದರು. ಚೀಲದಿಂದ ಸ್ವಲ್ಪ ಬೆಚ್ಚನೆಯ ನೀರನ್ನು ನೆತ್ತಿಗೆ ಚಿಮುಕಿಸಿ, ತೊಳೆಯಬೇಕಿಲ್ಲದ ಶಾಂಪೂ ಹಚ್ಚಿ, ಬುಡದಿಂದ ತುದಿಯವರೆಗೆ ಬಾಚಿ, ಟವೆಲ್ಲಿನಿಂದ ಒರೆಸಿ, ಮತ್ತೆ ನೀರು ಚಿಮುಕಿಸಿ ಮತ್ತೆ ಒರೆಸಿದರು. ಕೂದಲಿನಿಂದ ಆರಿಹೋದ ತೇವವನ್ನು ಅಲ್ಲಿನ ಯಂತ್ರಗಳು ಗಾಳಿಯಿಂದ ಹಿಡಿದು ಶುದ್ಧೀಕರಿಸಿ ಕುಡಿಯುವ ನೀರಾಗಿಸುತ್ತವೆ ಎಂದೂ ವಿವರಿಸಿದರು. ಸವಳು ನೀರಿಗೂ ಬೇಸಿಗೆಯಲ್ಲಿ ಸರದಿ ನಿಲ್ಲುವ ನಮ್ಮ ಊರುಗಳ ವಿದ್ಯಾರ್ಥಿಗಳಿಗೆ ನಾನು ಆ ವಿಡಿಯೊವನ್ನು ತಪ್ಪದೆ ತೋರಿಸುತ್ತೇನೆ.

ಸ್ಪ್ರೇ ಡಬ್ಬಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಪುಡಿಯನ್ನು ಹೊರತಳ್ಳಲು ಅದರಲ್ಲಿ ಸಾಮಾನ್ಯವಾಗಿ ಬ್ಯುಟೇನ್, ಪ್ರೊಪೇನ್‌ನಂತಹ ಅನಿಲಗಳಿರುತ್ತವೆ, ಅಂದರೆ ಅಡುಗೆ ಅನಿಲದ ಸಿಲಿಂಡರಿನಲ್ಲಿರುವವೇ. ದೇವರ ದೀಪ, ಊದುಬತ್ತಿ, ಒಲೆ ಇರುವ ಕಡೆ ಅದನ್ನು ಒತ್ತಬಾರದು. ರೋಗಿಗೆ ಆಮ್ಲಜನಕ ಕೊಡುತ್ತಿದ್ದರಂತೂ ಆ ಕೋಣೆಗೇ ತರಬಾರದು. ಜೊತೆಗೆ, 2022ರ ಅಕ್ಟೋಬರಿನಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಲವು ಹೆಸರಿನ ಡ್ರೈ ಶಾಂಪೂ ಸ್ಪ್ರೇಗಳನ್ನು, ಅವುಗಳಲ್ಲಿ ಬೆಂಜೀನ್ ಇರಬಹುದೆಂಬ ಕಾರಣಕ್ಕೆ ಹಿಂದಕ್ಕೆ ಪಡೆಯಲಾಯಿತು. ಬೆಂಜೀನ್ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಪುಡಿಯೇ ಬೇಕೆಂದಾದರೆ ಸ್ಪ್ರೇ ಅಲ್ಲದ, ಕೈಯಿಂದ ಉದುರಿಸುವ ಪುಡಿ ಸಾಕು. ಅದನ್ನೂ ಮುಖದ ಹತ್ತಿರ ಹಾರಿಸಬಾರದು, ಮಲಗಿದವರ ಶ್ವಾಸಕೋಶಕ್ಕೆ ಯಾವ ಪುಡಿಯೂ ಒಳ್ಳೆಯದಲ್ಲ.

ಉತ್ತರ (ನವನಗರ, ಬಾಗಲಕೋಟೆ)

ತಮ್ಮಾ, ನಾನು ಇಪ್ಪತ್ತೆರಡು ವರ್ಷಗಳಿಂದ ಶುಶ್ರೂಷಕಿಯಾಗಿದ್ದೇನೆ. ಎಲುಬಿನ ವಾರ್ಡಿನಲ್ಲಿಯೇ ಹೆಚ್ಚು ಕಾಲ ಕಳೆದಿದ್ದೇನೆ. ಮೊದಲನೆಯದಾಗಿ, ಕೂದಲು ಕತ್ತರಿಸುವುದು ಬೇಡ. ನೀರಿನ ಹನಿ ಹೊಲಿಗೆಯತ್ತ ಹೋಗದಂತೆ ಇದನ್ನೆಲ್ಲ ಮಂಚದ ಮೇಲೆಯೇ ಮಾಡಬಹುದು.

ಬೇಕಾಗುವ ಸಾಮಾನು ಇಷ್ಟೇ: ತೊಳೆಯಬೇಕಿಲ್ಲದ ಶಾಂಪೂ, ನೀರು ಚೆನ್ನಾಗಿ ಹೀರುವ ನಾಲ್ಕು ಹಳೆಯ ಹತ್ತಿ ಟವೆಲ್ಲು, ದಿಂಬಿನ ಮೇಲೆ ಹಾಸಲು ರಬ್ಬರ್ ಶೀಟು, ಅಗಲ ಹಲ್ಲಿನ ಹಣಿಗೆ, ಒಂದು ತಂಬಿಗೆ ಬೆಚ್ಚನೆಯ ನೀರು. ಹೊಸ ಟವೆಲ್ಲು ನೀರು ಹೀರುವುದಿಲ್ಲ, ಹಲವು ಸಲ ಒಗೆದದ್ದೇ ಇರಲಿ. ಮಧ್ಯಾಹ್ನದ ಊಟಕ್ಕೆ ಮುಂಚೆ ಮಾಡಿದರೆ ಸಂಜೆಯೊಳಗೆ ಕೂದಲು ಆರುತ್ತದೆ. ವೈದ್ಯರು ಹೇಳಿದಷ್ಟೇ ಎತ್ತರಕ್ಕೆ ಒರಗಿಸಿ. ಮುಂದಕ್ಕೆ ಬಗ್ಗಿಸಬೇಡಿ, ಸೊಂಟದ ಕೀಲಿಗೆ ಅದು ಕೂಡದು.

ಸಿಕ್ಕು ಬಿಡಿಸುವುದೇ ಎಲ್ಲಕ್ಕಿಂತ ತಾಳ್ಮೆಯ ಕೆಲಸ. ಒದ್ದೆಯಾದ ಮೇಲೆ ಸಿಕ್ಕು ಇನ್ನಷ್ಟು ಬಿಗಿಯುತ್ತದೆ, ಆದ್ದರಿಂದ ಒಣಗಿರುವಾಗಲೇ ಹೆರಳು ಬಿಚ್ಚಿ. ಬುಡದಿಂದ ಹಣಿಗೆ ಎಳೆಯಬೇಡಿ. ಒಂದು ಹಿಡಿ ಕೂದಲನ್ನು ನಡುವೆ ಗಟ್ಟಿಯಾಗಿ ಹಿಡಿದುಕೊಂಡು ತುದಿಯ ನಾಲ್ಕು ಬೆರಳಷ್ಟನ್ನು ಮೊದಲು ಬಿಡಿಸಿ, ಆಮೇಲೆ ಅದರ ಮೇಲಿನದು, ಆಮೇಲೆ ಇನ್ನೂ ಮೇಲಿನದು. ಹೀಗೆ ಹಿಡಿದರೆ ಎಳೆತ ನಿಮ್ಮ ಕೈಗೆ ಬರುತ್ತದೆ, ಅವ್ವನ ನೆತ್ತಿಗೆ ತಾಗುವುದಿಲ್ಲ. ಒಂದೇ ದಿನ ಮುಗಿಯದಿದ್ದರೆ ಮರುದಿನ ಮಾಡಿ. ಆ ಹನ್ನೆರಡು ದಿನಗಳ ಎಣ್ಣೆ ಸಿಕ್ಕು ಬಿಡಿಸಲು ನಿಮಗೆ ಅನುಕೂಲವನ್ನೇ ಮಾಡುತ್ತದೆ.

ಬಳಿಕ ಕೂದಲನ್ನು ನಾಲ್ಕು ಪಾಲು ಮಾಡಿ. ಒಂದೊಂದೇ ಪಾಲಿನ ಬುಡಕ್ಕೆ ಬೆಚ್ಚನೆಯ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒತ್ತಿ, ಶಾಂಪೂ ಹಚ್ಚಿ, ಉಗುರು ತಾಗಿಸದೆ ಬೆರಳಿನ ಮೆತ್ತನೆಯ ಭಾಗದಿಂದ ಎರಡು ಮೂರು ನಿಮಿಷ ತಿಕ್ಕಿ. ನೊರೆ ಬಂದ ಕೂಡಲೇ ಒಣ ಟವೆಲ್ಲಿನಿಂದ ಹೀರಿಸಿ. ಕೊಳೆಯಾದ ಭಾಗವನ್ನು ಮಡಿಸಿ ಹೊಸ ಭಾಗ ಬಳಸಿ. ಇಷ್ಟೊಂದು ಎಣ್ಣೆಗೆ ಒಂದು ಸಲ ಸಾಲದು. ಮೊದಲ ಸಲ ನೊರೆಯೇ ಬರದಿದ್ದರೆ ಹೆದರಬೇಡಿ, ಎಣ್ಣೆ ಹೆಚ್ಚಿದ್ದಾಗ ಹಾಗಾಗುತ್ತದೆ. ಒರೆಸಿ ಮತ್ತೊಮ್ಮೆ ಹಚ್ಚಿದರೆ ಬರುತ್ತದೆ. ಕೊನೆಗೆ ಹಿಂಡಿದ ಒದ್ದೆ ಬಟ್ಟೆಯಿಂದ ಇಡೀ ತಲೆಯನ್ನೊಮ್ಮೆ ಒರೆಸಿ. ಬಾಟಲಿಯ ಮೇಲೆ ಅದು ಬೇಕಿಲ್ಲವೆಂದಿದ್ದರೂ ನಾನು ಬಿಡುವುದಿಲ್ಲ. ವಯಸ್ಸಾದವರ ಚರ್ಮ ತೆಳುವಾಗಿರುತ್ತದೆ, ಉಳಿಕೆ ಕಡಿಮೆಯಾದಷ್ಟೂ ಒಳ್ಳೆಯದು. ಮೊದಲ ದಿನ ಹಚ್ಚುವ ಮುನ್ನ ಮೊಣಕೈಯ ಒಳಮಗ್ಗುಲಿಗೆ ಒಂದು ಹನಿ ಹಚ್ಚಿ, ಮರುದಿನದವರೆಗೆ ಕೆಂಪಾಗದಿದ್ದರೆ ಮುಂದುವರಿಯಿರಿ.

ಪೂರ್ತಿ ಆರದೆ ಹೆರಳು ಹಾಕಬೇಡಿ. ತೇವ ಉಳಿದ ನೆತ್ತಿಯಲ್ಲಿ ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರ ಹೆಚ್ಚುತ್ತದೆ. ಆರಿದ ಮೇಲೆ ಎರಡು ಸಡಿಲ ಹೆರಳು ಹಾಕಿ ಭುಜದ ಮುಂದಕ್ಕೆ ಬಿಡಿ. ಮಲಗಿದವರಿಗೆ ಹಿಂದೆ ತುರುಬು ಕಟ್ಟಿದರೆ ಅದೇ ಗಂಟಾಗಿ ತಲೆಯನ್ನು ಒತ್ತುತ್ತದೆ. ವಾರಕ್ಕೆ ಎರಡು ಸಲ ಹೀಗೆ ಮಾಡಿದರೆ ಸಾಕು. ಹೊಸದಾಗಿ ಎಣ್ಣೆ ಹಚ್ಚುವುದನ್ನು ಸದ್ಯಕ್ಕೆ ನಿಲ್ಲಿಸಿ. ಅವ್ವ ಕೇಳಿದರೆ ತುದಿಗೆ ಮಾತ್ರ ಎರಡು ಹನಿ ಸವರಿ.

ಇನ್ನೊಂದು ಮಾತನ್ನು ಮರೆಯಬೇಡಿ. ಕೂದಲು ಪಾಲು ಮಾಡಿದಾಗ ತಲೆಯ ಹಿಂಭಾಗದ ಉಬ್ಬನ್ನೂ ಕಿವಿಯ ಹಿಂದೆಯೂ ಬೆಳಕಿಟ್ಟು ನೋಡಿ. ಮೇಲ್ಮುಖವಾಗಿ ಮಲಗಿದವರಿಗೆ ಅಲ್ಲಿಯೂ ಹಾಸಿಗೆ ಹುಣ್ಣು ಏಳುತ್ತದೆ, ಕೂದಲ ಮರೆಯಲ್ಲಿ ಯಾರಿಗೂ ಕಾಣುವುದಿಲ್ಲ. ತಲೆ ಕಡಿಯುತ್ತದೆ ಎಂಬುದು ಕೊಳೆಯಿಂದಲೇ ಇರಬಹುದು, ಆದರೂ ನೋಡದೆ ಬಿಡಬಾರದು.

ಮರುಬರಹ (ಜಲನಗರ, ವಿಜಯಪುರ)

ಅಕ್ಕಾವರಿಗೂ ಸರ್ ಅವರಿಗೂ ಗೋಕಾಕದವರಿಗೂ ನಾನು ಋಣಿ. ಸಿಕ್ಕು ಬಿಡಿಸಲು ಎರಡು ಮಧ್ಯಾಹ್ನ ಹಿಡಿದವು. ಮೊದಲ ಸಲ ನೊರೆ ಬರಲೇ ಇಲ್ಲ, ಎರಡನೆಯ ಸಲವೂ ಅಷ್ಟಕ್ಕಷ್ಟೆ, ಮೂರನೆಯ ಸಲ ಚೆನ್ನಾಗಿ ಬಂತು. ಬಿಳಿಯ ಟವೆಲ್ಲು ಚಹದ ಬಣ್ಣಕ್ಕೆ ತಿರುಗಿದ್ದನ್ನು ನೋಡಿದಾಗ ಕೊಳೆ ಎಲ್ಲಿಗೆ ಹೋಗುತ್ತದೆಂಬುದು ಕಣ್ಣಾರೆ ತಿಳಿಯಿತು. ಆ ರಾತ್ರಿ ಅವ್ವ ಎಚ್ಚರವಿಲ್ಲದೆ ಮಲಗಿದಳು.

ಅಕ್ಕಾವರು ಹೇಳಿದಂತೆ ನೋಡಿದಾಗ ತಲೆಯ ಹಿಂದೆ, ಬಲಕ್ಕೆ, ಒಂದು ರೂಪಾಯಿ ನಾಣ್ಯದಷ್ಟು ಕೆಂಪಗಿದೆ. ಚರ್ಮ ಸುಲಿದಿಲ್ಲ, ಆದರೆ ಬೆರಳಿನಿಂದ ಒತ್ತಿ ಬಿಟ್ಟರೂ ಬೆಳ್ಳಗಾಗುವುದಿಲ್ಲ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬಹುದೇ?

ಉತ್ತರ (ನವನಗರ, ಬಾಗಲಕೋಟೆ)

ತಿಕ್ಕಬೇಡಿ ತಮ್ಮಾ, ಒತ್ತಿದರೂ ಬೆಳ್ಳಗಾಗದ ಕೆಂಪು ಹಾಸಿಗೆ ಹುಣ್ಣಿನ ಮೊದಲ ಹಂತ, ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ. ಹಗಲಿನಲ್ಲಿಯೂ ರಾತ್ರಿಯಲ್ಲಿಯೂ ಎರಡು ತಾಸಿಗೊಮ್ಮೆ ತಲೆಯ ದಿಕ್ಕು ಬದಲಿಸಿ, ಆ ಜಾಗದ ಮೇಲೆ ಭಾರ ಬೀಳದಂತೆ ಮೆತ್ತನೆಯ ದಿಂಬು ಇಡಿ. ಬಟ್ಟೆಯನ್ನು ಸಿಂಬಿ ಸುತ್ತಿ ತಲೆಯ ಕೆಳಗೆ ಇಡುವ ರೂಢಿ ನಮ್ಮಲ್ಲಿದೆ, ಅದನ್ನು ಮಾಡಬೇಡಿ. ಸಿಂಬಿಯ ಅಂಚು ಸುತ್ತಲೂ ಒತ್ತಿ ರಕ್ತದ ಓಡಾಟವನ್ನೇ ತಡೆಯುತ್ತದೆ. ಮುಂದಿನ ಸಲ ಶಾಂಪೂ ಹಚ್ಚುವಾಗ ಆ ನಾಣ್ಯದಷ್ಟು ಜಾಗವನ್ನು ಬಿಟ್ಟು ಹಚ್ಚಿ, ಅಲ್ಲಿ ಹಿಂಡಿದ ಬಟ್ಟೆಯನ್ನು ಮೆಲ್ಲಗೆ ಒತ್ತಿ ತೆಗೆದರೆ ಸಾಕು. ಹೊಲಿಗೆ ಬಿಚ್ಚುವ ದಿನದವರೆಗೆ ಕಾಯದೆ ನಾಳೆಯೇ ನಿಮ್ಮ ವೈದ್ಯರಿಗೆ ಇದನ್ನು ತಿಳಿಸಿ.