ಎರಡು ಮರಳಿನ ಮೂಟೆ, ಒಂದು ಅಂಚೆ ಪೆಟ್ಟಿಗೆ

ತಮ್ಮನ ಒಪ್ಪಿಗೆ ಪಡೆದು ನಮ್ಮ ಮನೆಯ ವಾಟ್ಸಾಪ್ ಗುಂಪಿನ ಮಾತುಕತೆಯನ್ನು ಇಲ್ಲಿ ಹಾಕುತ್ತಿದ್ದೇನೆ. ನಡುವೆ ಬಂದ ಶುಭೋದಯದ ಹೂವುಗಳನ್ನೂ ಒಂದು ನಾಮಕರಣದ ಹದಿನೆಂಟು ಫೋಟೋಗಳನ್ನೂ ತೆಗೆದಿದ್ದೇನೆ. ತಮ್ಮ ಶ್ರೀಧರ ಇರುವುದು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ. ಒಂಟಾರಿಯೊ ಸರೋವರದ ತೇವ ಹೊತ್ತು ಬರುವ ಗಾಳಿ ಆ ಊರಿನ ಮೇಲೆ ವರ್ಷಕ್ಕೆ ಸರಾಸರಿ ಹತ್ತು ಅಡಿ ಹಿಮ ಸುರಿಸುತ್ತದೆ. ಹುಲ್ಲು ಕತ್ತರಿಸುವ ಪುಟ್ಟ ಗಾರ್ಡನ್ ಟ್ರ್ಯಾಕ್ಟರ್‌ನ ಮುಂದೆ ಕಬ್ಬಿಣದ ಬ್ಲೇಡ್ ಸಿಕ್ಕಿಸಿ ಅವನು ಅಂಗಳದ ಹಿಮ ತಳ್ಳುತ್ತಾನೆ. ನಾನು ಮಿನಿಯಾಪೊಲಿಸ್‌ನವಳು, ನನ್ನ ಪಾಲಿನ ಹಿಮ ನನಗೂ ಇದೆ. ಚಿಕ್ಕಪ್ಪ, ಜಯತ್ತೆ ಮದ್ದೂರಿನ ಹತ್ತಿರದ ಊರಿನಲ್ಲಿ, ಭಾವ ಬೆಂಗಳೂರಿನಲ್ಲಿ.

ಶನಿವಾರ ರಾತ್ರಿ (ಊರಿನಲ್ಲಿ ಭಾನುವಾರ ಬೆಳಿಗ್ಗೆ ಆರೂವರೆ)

ಶ್ರೀಧರ: [ವಿಡಿಯೋ, 40 ಸೆಕೆಂಡ್]
ಎಲ್ಲರೂ ಒಮ್ಮೆ ನೋಡಿ ನಕ್ಕುಬಿಡಿ. ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿದ್ದೇನೆ. ಗಾಡಿ ಮಾತ್ರ ಎಡಕ್ಕೆ ಜಾರಿ ಅಂಚೆ ಪೆಟ್ಟಿಗೆಯ ಮೇಲೆ ಹೋಗಿದೆ. ಈ ಚಳಿಗಾಲದಲ್ಲಿ ಇದು ಎರಡನೆಯ ಪೆಟ್ಟಿಗೆ.

ಶ್ರೀಧರ: [ಫಾರ್ವರ್ಡ್ ಮಾಡಿದ ವಿಡಿಯೋ]
ಇದರಲ್ಲಿ ಪರಿಹಾರ ಇದೆ. ಹಿಂದೆ ಮರಳಿನ ಮೂಟೆ ಕಟ್ಟಿದರೆ ಗಾರ್ಡನ್ ಟ್ರ್ಯಾಕ್ಟರ್ ಹಿಮದಲ್ಲಿ ಹೇಳಿದ ಮಾತು ಕೇಳುತ್ತದೆಯಂತೆ. 27 ಕಿಲೋದ ಎರಡು ಮೂಟೆ ತಂದು ಕಟ್ಟಿದೆ. ಕಟ್ಟಿದ ಮೇಲೆ ತೆಗೆದದ್ದೇ ಮೊದಲ ವಿಡಿಯೋ. ಇನ್ನೂ ಎರಡು ಬೇಕೋ ಏನೋ.

ನಾನು: ಇನ್ನೆರಡು ಕಟ್ಟಿದರೆ ಪಕ್ಕದ ಮನೆಯ ಬೇಲಿಯೂ ಹೋಗುತ್ತದೆ. ಮೊದಲು ಕಟ್ಟಿದ್ದನ್ನು ಬಿಚ್ಚು.

ಭಾವ: ಏಕೆ ಬಿಚ್ಚಬೇಕು? ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಇದನ್ನೇ ಪಾಠ ಮಾಡಿದ್ದೇನೆ. ಆ ವಿಡಿಯೋದವನು ಹೇಳುವುದರಲ್ಲಿ ತಪ್ಪಿಲ್ಲ.

ಜಯತ್ತೆ: ಶ್ರೀಧರ, ಪೆಟ್ಟು ಬಿತ್ತೇ? ಊಟ ಆಯಿತೇ?

ಶ್ರೀಧರ: ಪೆಟ್ಟು ಬಿದ್ದದ್ದು ಪೆಟ್ಟಿಗೆಗೆ ಮಾತ್ರ, ಅತ್ತೆ.

ನಾನು: ಭಾವ, ಸೂತ್ರ ಸರಿ. ಆದರೆ ಭಾರ ಯಾವ ಚಕ್ರದ ಮೇಲೆ ಎಂದು ನೋಡಬೇಕಲ್ಲವೇ? ತಳ್ಳುವುದು ಹಿಂದಿನ ಚಕ್ರ, ತಿರುಗಿಸುವುದು ಮುಂದಿನ ಚಕ್ರ. ಹಿಂದಿನ ಟೈರ್‌ಗಳಿಗೆ ಇವನು ಸರಪಳಿ ಹಾಕಿದ್ದಾನೆ, ತಳ್ಳುವುದಕ್ಕೆ ಕೊರತೆ ಇಲ್ಲ. ಮುಂದಿನವು ಬೊಂಬೆಯ ಕಾಲಿನಂತೆ ಹಿಮದ ಮೇಲೆ ತೇಲುತ್ತಿವೆ. ಶ್ರೀಧರ, ಟೇಪ್ ಹಿಡಿದು ಅಳೆ: ಎರಡು ಆಕ್ಸಲ್‌ಗಳ, ಅಂದರೆ ಚಕ್ರದ ಅಚ್ಚುಗಳ, ನಡುವೆ ಎಷ್ಟು, ಹಿಂದಿನ ಆಕ್ಸಲ್‌ನಿಂದ ಮೂಟೆಯ ನಡುವಿಗೆ ಎಷ್ಟು?

ಶ್ರೀಧರ: ಆಕ್ಸಲ್‌ಗಳ ನಡುವೆ 120 ಸೆಂಟಿಮೀಟರ್. ಮೂಟೆಗೆ 60.

ನಾನು: ಹಾಗಾದರೆ ಏತವನ್ನು ನೆನಪಿಸಿಕೊ. ಹಿಂದಿನ ಆಕ್ಸಲ್ ಏತದ ಕಂಬ. ಅದರ ಆಚೆ 60 ಸೆಂಟಿಮೀಟರ್ ದೂರದಲ್ಲಿ 54 ಕಿಲೋ ತೂಗುಬಿಟ್ಟಿದ್ದೀಯ. ಈಚೆ 120 ಸೆಂಟಿಮೀಟರ್ ದೂರದಲ್ಲಿ ಮುಂದಿನ ಚಕ್ರ ಇದೆ. ಅಲ್ಲಿಂದ 27 ಕಿಲೋ ಮೇಲಕ್ಕೆ ಎದ್ದುಹೋಯಿತು. ಎರಡು ಮೂಟೆ ಹಿಂದೆ ಕಟ್ಟಿ, ಸರಿಯಾಗಿ ಒಂದು ಮೂಟೆಯಷ್ಟು ಭಾರವನ್ನು ಮೂತಿಯಿಂದ ಕದ್ದಿದ್ದೀಯ.

ಚಿಕ್ಕಪ್ಪ: ಮಂಜುಳಾ ಹೇಳುವುದು ಸರಿ. ಕಬ್ಬಿನ ಟ್ರೇಲರ್ ಅತಿಯಾಗಿ ತುಂಬಿಕೊಂಡು ಕೆರೆ ಏರಿ ಹತ್ತಿಸುವಾಗ ಟ್ರ್ಯಾಕ್ಟರ್ ಮೂತಿ ಎತ್ತುತ್ತದೆ. ಆಗ ಸ್ಟೇರಿಂಗ್ ಕೈಯಲ್ಲಿದ್ದರೂ ಒಂದೇ, ಮನೆಯಲ್ಲಿದ್ದರೂ ಒಂದೇ. ಹುಡುಗರು ಓಡಿಹೋಗಿ ಮುಂದಿನ ಬಂಪರ್ ಮೇಲೆ ನಿಲ್ಲುವುದನ್ನು ನೀವೆಲ್ಲ ನೋಡಿಲ್ಲವೇ? ನಿಲ್ಲಬಾರದು, ಅದು ಬೇರೆ ಮಾತು.

ಭಾವ: ಕಬ್ಬಿನ ಟ್ರೇಲರ್ ಎಳೆಯುತ್ತದೆ. ಇಲ್ಲಿ ಮುಂದೆ ಕಬ್ಬಿಣದ ಬ್ಲೇಡ್ ಇದೆ, ಅದೇ ಮೂತಿಯನ್ನು ಒತ್ತುತ್ತದೆ. ಲೆಕ್ಕದಲ್ಲಿ ಅದನ್ನು ಬಿಟ್ಟಿದ್ದೀಯ.

(ಇದು ಒಳ್ಳೆಯ ಆಕ್ಷೇಪ. ಭಾವನ ಜೊತೆ ವಾದ ಮಾಡುವುದರಲ್ಲಿ ಇರುವ ಸುಖ ಇದೇ. ಅವರು ಸೋಲುವುದು ಅಪರೂಪ, ಆದರೆ ಎದುರಿಗೆ ಇರುವವರು ಸರಿಯಾಗಿ ಯೋಚಿಸುವಂತೆ ಮಾಡುತ್ತಾರೆ.)

ನಾನು: ಬ್ಲೇಡ್ ಮೇಲೆತ್ತಿ ಓಡಿಸುವಾಗ ನೀವು ಹೇಳಿದಂತೆ ಮೂತಿ ಭಾರವಾಗುತ್ತದೆ. ನೆಲಕ್ಕೆ ಇಳಿಸಿದ ಕೂಡಲೇ ಅದರ ಭಾರವನ್ನು ನೆಲವೇ ಹೊರುತ್ತದೆ, ಚಕ್ರಕ್ಕೆ ಏನೂ ಸಿಗುವುದಿಲ್ಲ. ಇನ್ನೊಂದು ಅನುಮಾನ ಇದೆ. ಶ್ರೀಧರ, ಬ್ಲೇಡ್ ಇಳಿಸಿದ ಮೇಲೆ ಅದು ನೆಲದ ಉಬ್ಬು ತಗ್ಗಿಗೆ ತಕ್ಕಂತೆ ತಾನಾಗಿ ಏರಿಳಿಯುತ್ತದೆಯೋ, ಅಥವಾ ಲಿವರ್ ಕೆಳಗೆ ಒತ್ತಿ ಹಿಡಿದಿರುತ್ತದೆಯೋ?

ಶ್ರೀಧರ: ಲಿವರ್ ಕೊಕ್ಕೆಗೆ ಸಿಕ್ಕಿಸಿದ್ದೇನೆ. ಚೆನ್ನಾಗಿ ಕೆರೆಯಲಿ ಎಂದು.

ನಾನು: ನೆಲವನ್ನು ಒತ್ತಿದರೆ ನೆಲವೂ ಗಾಡಿಯನ್ನು ಎತ್ತುತ್ತದೆ. ಹಿಂದಿನಿಂದ ಮೂಟೆ, ಮುಂದಿನಿಂದ ಲಿವರ್, ಇಬ್ಬರೂ ಸೇರಿ ಮುಂದಿನ ಚಕ್ರವನ್ನು ಹೊತ್ತುಕೊಂಡಿದ್ದಾರೆ. ಕೊಕ್ಕೆ ಬಿಡಿಸು, ಬ್ಲೇಡ್ ತೇಲಲಿ. ಬ್ಲೇಡ್‌ನ ತಳದಲ್ಲಿ ನೆಲದ ಮೇಲೆ ಜಾರುವ ಶೂಗಳನ್ನು ಸ್ವಲ್ಪ ಇಳಿಸಿದರೆ ನಿನ್ನ ಅಂಗಳದ ಜಲ್ಲಿಯೂ ಉಳಿಯುತ್ತದೆ.

ಚಿಕ್ಕಪ್ಪ: ಇಷ್ಟೆಲ್ಲ ಏಕೆ? ತಿರುಗುವಾಗ ಬಲಗಡೆಯ ಬ್ರೇಕ್ ಒಂದನ್ನೇ ತುಳಿ. ಕೆಸರು ಗದ್ದೆಯಲ್ಲಿ ನಾನು ಸ್ಟೇರಿಂಗ್ ನಂಬುವುದೇ ಇಲ್ಲ. ಒಂದು ಚಕ್ರ ಹಿಡಿದರೆ ಗಾಡಿ ಅಲ್ಲೇ ಸುತ್ತುತ್ತದೆ.

ಶ್ರೀಧರ: ಚಿಕ್ಕಪ್ಪ, ಇದಕ್ಕೆ ಇರುವುದು ಒಂದೇ ಬ್ರೇಕ್ ಪೆಡಲ್.

ಚಿಕ್ಕಪ್ಪ: ಒಂದೇ ಪೆಡಲ್ ಇದ್ದರೆ ಅದು ಟ್ರ್ಯಾಕ್ಟರ್ ಹೇಗಾಯಿತು? ಬಣ್ಣ ನೋಡಿ ಕೊಂಡೆಯಾ?

ಶ್ರೀಧರ: ಹುಲ್ಲು ಕತ್ತರಿಸುವುದಕ್ಕೆ ಕೊಂಡದ್ದು. ಚಳಿಗಾಲಕ್ಕೆ ಬ್ಲೇಡ್ ಸಿಕ್ಕಿಸಿಕೊಂಡೆ. ಗಾಡಿ ಮಾರಿದ ಅಂಗಡಿಯವರು ಹಿಂದಿನ ಚಕ್ರಕ್ಕೆ ಸರಪಳಿ ಹಾಕಿದರೆ ಸಾಕು ಎಂದಿದ್ದರು.

ಚಿಕ್ಕಪ್ಪ: ಹಾಗಾದರೆ ಟೈರ್‌ಗೆ ನೀರು ತುಂಬಿಸು. ವಾಲ್ವ್ ಮೇಲಕ್ಕೆ ಬರುವಂತೆ ಚಕ್ರ ನಿಲ್ಲಿಸಿ, ಅಲ್ಲಿಯವರೆಗೆ ತುಂಬಿದರೆ ಮುಕ್ಕಾಲು ಪಾಲು ನೀರು, ಉಳಿದದ್ದು ಗಾಳಿ. ನಮ್ಮ ಎರಡೂ ಟ್ರ್ಯಾಕ್ಟರ್‌ಗೆ ಹಾಗೆಯೇ ಮಾಡಿದ್ದೇನೆ.

ನಾನು: ಇಲ್ಲಿ ನೀರು ಟೈರ್ ಒಳಗೇ ಕಲ್ಲಾಗುತ್ತದೆ, ಚಿಕ್ಕಪ್ಪ. ಮೊದಲೆಲ್ಲ ನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣ ಬೆರೆಸುತ್ತಿದ್ದರು. ಅದು ಹೆಪ್ಪುಗಟ್ಟುವುದಿಲ್ಲ, ಆದರೆ ರಿಮ್ ತುಕ್ಕು ಹಿಡಿಯುತ್ತದೆ. ಈಗ ಅನೇಕರು ಬೀಟ್ ರಸ ತುಂಬಿಸುತ್ತಾರೆ. ನೀರಿಗಿಂತ ಸುಮಾರು ಶೇಕಡಾ 30ರಷ್ಟು ಭಾರ, ಮೈನಸ್ 30 ಡಿಗ್ರಿಯಲ್ಲೂ ಗಟ್ಟಿಯಾಗುವುದಿಲ್ಲ, ತುಕ್ಕಿನ ಕಾಟವೂ ಇಲ್ಲ.

ಜಯತ್ತೆ: ಬೀಟ್‌ರೂಟ್ ರಸವನ್ನು ಟೈರ್‌ಗೆ ಹಾಕುತ್ತಾರೆಯೇ? ಪಲ್ಯ ಮಾಡಲು ಬಾರದೇ?

ನಾನು: ಪಲ್ಯದ ಬೀಟ್‌ರೂಟ್ ಅಲ್ಲ, ಅತ್ತೆ. ಸಕ್ಕರೆ ತೆಗೆಯುವ ಬಿಳಿ ಗೆಡ್ಡೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಮಂದ ರಸ.

ಚಿಕ್ಕಪ್ಪ: ಕಾಕಂಬಿ ಎನ್ನು. ಮಂಡ್ಯದಲ್ಲಿ ಹುಟ್ಟಿದವರಿಗೆ ಇದನ್ನು ಅಷ್ಟು ಉದ್ದಕ್ಕೆ ವಿವರಿಸಬೇಕೇ?

ಭಾವ: ಮುಖ್ಯ ವಿಷಯಕ್ಕೆ ಬನ್ನಿ. ಮೂಟೆ ತೆಗೆದರೆ ಹಿಂದಿನ ಚಕ್ರದ ಹಿಡಿತ ಹೋಗುತ್ತದೆ. ಗಾಡಿ ಮುಂದಕ್ಕೇ ಹೋಗದಿದ್ದರೆ ತಿರುಗಿಸುವುದು ಏನನ್ನು?

ನಾನು: ಹಿಂದೆ ಭಾರ ಬೇಡ ಎಂದು ನಾನು ಹೇಳಿಲ್ಲ. ಆಕ್ಸಲ್‌ನ ಆಚೆ ತೂಗುಬಿಡಬೇಡ ಎಂದೆ. ಹಿಂದಿನ ಚಕ್ರಕ್ಕೇ ಕಬ್ಬಿಣದ ತೂಕದ ಬಿಲ್ಲೆ ಬಿಗಿದರೆ ಭಾರವೆಲ್ಲ ಆಕ್ಸಲ್‌ನ ಮೇಲೆಯೇ ಕೂರುತ್ತದೆ, ಮೂತಿಯಿಂದ ಒಂದು ಗ್ರಾಂ ಕೂಡ ಕದಿಯುವುದಿಲ್ಲ. ಎರಡು ಚಕ್ರಕ್ಕೆ 23 ಕಿಲೋದ ಒಂದೊಂದು ಸಾಕು. ಮನಸ್ಸಿಗೆ ಬಂದಷ್ಟು ಪೇರಿಸಲೂ ಬಾರದು. ಗಾಡಿಯ ಪುಸ್ತಕದಲ್ಲಿ ಎಷ್ಟು ಭಾರ ತಡೆಯುತ್ತದೆ ಎಂದು ಬರೆದಿರುತ್ತಾರೆ. ಇಂಥ ಗಾಡಿಗಳ ಗೇರ್‌ಬಾಕ್ಸ್ ಹುಲ್ಲಿಗೆ ಮಾಡಿದ್ದು.

ಸುಹಾಸ: ಮಾವ, ನಿಮ್ಮ ವಿಡಿಯೋವನ್ನು ನಿಧಾನ ಮಾಡಿ ನೋಡಿದೆ. ಬ್ಲೇಡ್ ಬಲಕ್ಕೆ ಓರೆಯಾಗಿದೆ. ಹಿಮ ಬಲಕ್ಕೆ ಬೀಳುತ್ತಿದೆ, ಗಾಡಿ ಎಡಕ್ಕೆ ಹೋಗುತ್ತಿದೆ.

(ಸುಹಾಸ ಭಾವನ ಮಗ. ಎಂಜಿನಿಯರಿಂಗ್ ಎರಡನೆಯ ವರ್ಷ. ವಾರಕ್ಕೊಮ್ಮೆ ಗುಂಪಿಗೆ ಬಂದು ಒಂದೇ ಮಾತು ಹೇಳಿ ಹೋಗುತ್ತಾನೆ.)

ನಾನು: ಅಲ್ಲೇ ಇದೆ ಗುಟ್ಟು. ಬ್ಲೇಡ್ ಹಿಮವನ್ನು ಬಲಕ್ಕೆ ನೂಕಿದರೆ ಹಿಮ ಬ್ಲೇಡನ್ನು ಎಡಕ್ಕೆ ನೂಕುತ್ತದೆ. 30 ಡಿಗ್ರಿ ಓರೆ ಇದ್ದರೆ, ಜಾರುವ ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿ: ಮುಂದಕ್ಕೆ 100 ಕಿಲೋ ಬಲ ಹಾಕಿದಾಗ ಪಕ್ಕಕ್ಕೆ 58 ಕಿಲೋ ಬಲ ಮೂತಿಯ ಮೇಲೆ ಬೀಳುತ್ತದೆ. ಅದನ್ನು ತಡೆಯಬೇಕಾದದ್ದು ಮುಖ್ಯವಾಗಿ ಆ ಎರಡು ಪುಟ್ಟ ಚಕ್ರ. ಅವುಗಳ ಭಾರವನ್ನು ಮೂಟೆ ಎತ್ತಿಕೊಂಡು ಕುಳಿತಿದೆ.

ಭಾವ: ಟೈರ್ ಬದಲಿಸಿ ಎಂದು ಹೇಳುತ್ತೀಯೇನೋ. ಸಂಪರ್ಕದ ವಿಸ್ತೀರ್ಣಕ್ಕೂ ಘರ್ಷಣೆಗೂ ಸಂಬಂಧ ಇಲ್ಲ.

ನಾನು: ಗಟ್ಟಿ ನೆಲದಲ್ಲಿ ಹೆಚ್ಚುಕಡಿಮೆ ಹಾಗೆಯೇ. ಹಿಮ ಗಟ್ಟಿ ನೆಲ ಅಲ್ಲ, ಚುಚ್ಚಿದರೆ ಒಳಗೆ ಹೋಗುತ್ತದೆ. ಇವನ ಟೈರ್ ಹುಲ್ಲುಹಾಸಿಗೆ ಹೊಂದುವ ಚಪ್ಪಟೆ ಟೈರ್. ಅದರ ಸಣ್ಣ ಗೀರುಗಳಲ್ಲಿ ಹಿಮ ಮೆತ್ತಿಕೊಂಡು ನುಣ್ಣಗೆ ಲಟ್ಟಣಿಗೆಯಂತೆ ಆಗುತ್ತದೆ. ಚಿಕ್ಕಪ್ಪನ ಟ್ರ್ಯಾಕ್ಟರ್‌ನ ಮುಂದಿನ ಟೈರ್ ನೆನಪಿದೆಯೇ? ಸುತ್ತಲೂ ಮೂರು ಉದ್ದ ಏಣು. ನಡುವಿನ ಏಣು ಕೆಸರನ್ನು ಸೀಳಿಕೊಂಡು ಹೋಗುತ್ತದೆ, ಪಕ್ಕಕ್ಕೆ ಜಾರಲು ಬಿಡುವುದಿಲ್ಲ. ಹಿಮದಲ್ಲೂ ಅದೇ ಕೆಲಸ.

ಚಿಕ್ಕಪ್ಪ: ಹೌದು. ಆ ಏಣು ಸವೆದರೆ ಗದ್ದೆಯ ಮೂಲೆಯಲ್ಲಿ ಗಾಡಿ ಬದುವಿಗೆ ಹೋಗುತ್ತದೆ. ಹೋಗಿದೆ.

ಶ್ರೀಧರ: ನನಗೆ ಒಂದು ವಿಷಯ ಹೇಳಿ. ಆ ವಿಡಿಯೋದಲ್ಲಿ ಅವನ ಗಾಡಿ ಚೆನ್ನಾಗಿಯೇ ತಿರುಗುತ್ತಿದೆ. ಅವನೂ ಮೂಟೆ ಕಟ್ಟಿದ್ದಾನೆ. ನೀವೆಲ್ಲ ಲೆಕ್ಕ ಹಾಕುತ್ತಿದ್ದೀರಿ, ಅವನು ಮಾಡಿ ತೋರಿಸುತ್ತಿದ್ದಾನೆ.

ನಾನು: ಮತ್ತೊಮ್ಮೆ ನೋಡು. ಅಲ್ಲಿ ಬಿದ್ದಿರುವುದು ಮೂರು ಬೆರಳು ಹಿಮ. ಬ್ಲೇಡ್ ನೇರವಾಗಿದೆ. ಮುಂದಿನ ಚಕ್ರಕ್ಕೆ ಅವನು ಸರಪಳಿ ಹಾಕಿದ್ದಾನೆ, ಅದರ ಬಗ್ಗೆ ಬಾಯಿ ಬಿಡುವುದಿಲ್ಲ.

ಸುಹಾಸ: ಹನ್ನೆರಡನೆಯ ಸೆಕೆಂಡಿನಲ್ಲಿ ಕಾಣುತ್ತದೆ.

ಶ್ರೀಧರ: ಕಂಡಿತು.

ಭಾವ: ಕಂಡರೂ ಮೂಟೆಯಿಂದ ಮೂತಿ ಏಳುತ್ತದೆ ಎಂಬುದು ಕಾಗದದ ಮೇಲಿನ ಲೆಕ್ಕ. ತೂಗಿ ತೋರಿಸಲಿ, ಒಪ್ಪುತ್ತೇನೆ.

ಭಾನುವಾರ

ಶ್ರೀಧರ: [ಫೋಟೋ] ಸ್ನಾನದ ಮನೆಯ ತೂಕದ ಯಂತ್ರವನ್ನು ಗ್ಯಾರೇಜಿಗೆ ತಂದೆ. ಒಂದು ಮುಂದಿನ ಚಕ್ರ ಯಂತ್ರದ ಮೇಲೆ, ಉಳಿದ ಮೂರರ ಕೆಳಗೆ ಅಷ್ಟೇ ಎತ್ತರದ ಹಲಗೆ. ಬ್ಲೇಡ್ ಬಿಚ್ಚಿಟ್ಟಿದ್ದೇನೆ. ಮೂಟೆ ಇಲ್ಲದೆ 57 ಕಿಲೋ. ಮೂಟೆ ಕಟ್ಟಿದಾಗ 43.5. ಎರಡು ಚಕ್ರಕ್ಕೆ 27 ಕಿಲೋ ಕಡಿಮೆ. ಅಕ್ಕ, ಲೆಕ್ಕ ಬಿಡಿಗಾಸೂ ತಪ್ಪಿಲ್ಲ.

ಚಿಕ್ಕಪ್ಪ: ಬಿಚ್ಚಿ ಎಸೆ.

ಭಾವ: ಹಿಂದಿನ ಚಕ್ರದ ತೂಕ ಎಲ್ಲಿ? ಅರ್ಧ ಪ್ರಯೋಗ ಮಾಡಿ ಪೂರ್ತಿ ತೀರ್ಮಾನ ಬರೆಯುವವರಿಗೆ ನಾನು ಅಂಕ ಕೊಡುತ್ತಿರಲಿಲ್ಲ.

ಶ್ರೀಧರ: ನಾಳೆ ಕೆಲಸ ಇದೆ ಭಾವ, ಶನಿವಾರ ನೋಡೋಣ.

ಗುರುವಾರ

ಶ್ರೀಧರ: ರಾತ್ರಿಯಿಡೀ ಸುರಿದು ಸುಮಾರು 20 ಸೆಂಟಿಮೀಟರ್ ಬಿದ್ದಿತ್ತು. ವರದಿ ಕೇಳಿ. ಮೂಟೆ ಇಲ್ಲ. ಹಳೆಯ ಸಾಮಾನಿನವನ ಹತ್ತಿರ ಸಿಕ್ಕ ಬಿಲ್ಲೆಗಳನ್ನು ಹಿಂದಿನ ಚಕ್ರಕ್ಕೆ ಬಿಗಿದಿದ್ದೇನೆ. ಲಿವರ್ ಕೊಕ್ಕೆಯಿಂದ ಹೊರಗೆ. ಏಣಿನ ಟೈರ್ ಇನ್ನೂ ಬಂದಿಲ್ಲ, ಮುಂದಿನ ಚಕ್ರಕ್ಕೂ ಸಣ್ಣ ಸರಪಳಿ ಹಾಕಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಬಲಗಡೆಯ ಸರಪಳಿ ಮುಂದಿನ ಚಕ್ರಗಳನ್ನು ಜೋಡಿಸುವ ಟೈ ರಾಡ್‌ಗೆ ತಾಗುತ್ತಿತ್ತು, ಎರಡು ಕೊಂಡಿ ಕತ್ತರಿಸಿ ಬಿಗಿ ಮಾಡಿದೆ.

ಚಿಕ್ಕಪ್ಪ: ತಿರುಗಿತೇ?

ಶ್ರೀಧರ: ತಿರುಗಿತು! ಮೊದಲ ಸಾಲು ಬ್ಲೇಡ್ ನೇರ ಇಟ್ಟು ನಡುವೆ ಹೋದೆ. ಆಮೇಲೆ ಓರೆ ಮಾಡಿ, ಅರ್ಧ ಬ್ಲೇಡ್‌ನಷ್ಟೇ ಹಿಮ ತೆಗೆದುಕೊಂಡು ಬಂದೆ. ತಿರುಗುವ ಜಾಗಕ್ಕೆ ಬರುವ ಮೊದಲು ಬ್ಲೇಡ್ ನಾಲ್ಕು ಬೆರಳು ಮೇಲೆತ್ತಿದೆ. ಮೂತಿ ಭಾರವಾಗಿ ಚಕ್ರ ನೆಲ ಕಚ್ಚುವುದು ಕೈಗೇ ಗೊತ್ತಾಗುತ್ತದೆ. ಸೋತದ್ದು ಒಂದೇ ಕಡೆ. ನಗರದ ಹಿಮದ ಲಾರಿ ರಸ್ತೆಯ ಅಂಚಿನಲ್ಲಿ ಬಿಟ್ಟುಹೋದ ದಿಬ್ಬ ಕಲ್ಲಿನಂತೆ ಇತ್ತು. ಓರೆ ಬ್ಲೇಡ್‌ನಲ್ಲಿ ನುಗ್ಗಿದೆ, ಮತ್ತೆ ಎಡಕ್ಕೆ ಎಳೆಯಿತು.

ಚಿಕ್ಕಪ್ಪ: ಅಂಚೆ ಪೆಟ್ಟಿಗೆ?

ಶ್ರೀಧರ: ನಿಂತಿದೆ. ಬ್ಲೇಡ್ ನೇರ ಮಾಡಿ, ದಿಬ್ಬವನ್ನು ಸ್ವಲ್ಪ ಸ್ವಲ್ಪವೇ ಕೆತ್ತಿ ತೆಗೆದೆ. ಕೊನೆಯ ಪಾಲು ಸಲಿಕೆಯಲ್ಲಿ.

ಜಯತ್ತೆ: ಸಲಿಕೆ ಹಿಡಿಯುವಾಗ ಸೊಂಟ ಜೋಪಾನ.

ಭಾವ: ಹಿಮ ಹಗುರವಾಗಿದ್ದಿರಬಹುದು. ಶನಿವಾರದ ಮಾತು ಮರೆತಿಲ್ಲ ತಾನೇ?

ಶನಿವಾರ

ಶ್ರೀಧರ: ಭಾವ, ನಿಮಗೋಸ್ಕರ ಬಿಲ್ಲೆ, ಸರಪಳಿ ಎಲ್ಲ ಬಿಚ್ಚಿ, ಮೂಟೆಗಳನ್ನು ಮತ್ತೆ ಕಟ್ಟಿ, ಹಿಂದಿನ ಚಕ್ರ ತೂಗಿದೆ. ಮೂಟೆ ಇಲ್ಲದೆ 88 ಕಿಲೋ. ಮೂಟೆ ಇದ್ದಾಗ 128. ಹಾಗೆ ತೋರಿಸಿದ ಮರುಕ್ಷಣವೇ ಯಂತ್ರದ ಗಾಜು ಚಿಟ್ ಎಂದು ಬಿರಿಯಿತು.

ಜಯತ್ತೆ: ಅದು ನಾನು ಬಂದಿದ್ದಾಗ ಕೊಂಡ ಯಂತ್ರವೇ?

ಶ್ರೀಧರ: ಅದೇ, ಅತ್ತೆ.

ಭಾವ: ಮೂಟೆ ಇಲ್ಲದೆ ನಾಲ್ಕೂ ಚಕ್ರ ಸೇರಿ 290. ಮೂಟೆ ಸೇರಿದರೆ 344 ಬರಬೇಕು. ನಿನ್ನ ಅಂಕಿಗಳನ್ನು ಕೂಡಿದರೆ 343. ಒಂದು ಕಿಲೋ ಎಲ್ಲಿ ಹೋಯಿತು?